ಕೆಂಪು ಕಾರ್ಡಿನ ಹಿಂದಿದ್ದ ಮೇಷ್ಟ್ರು

ಫುಟ್ಬಾಲ್ ಮ್ಯಾಚ್ ನಡೀತಿದ್ದಾಗ ಹಾಸ್ಟೆಲ್ ಟಿವಿ ರೂಮಿನಲ್ಲಿ ಅತಿ ಹೆಚ್ಚು ಬೈಸಿಕೊಳ್ಳೋದು ಯಾರು? ಖಾಲಿ ಗೋಲ್ ಎದುರು ಬಾಲನ್ನ ಆಕಾಶಕ್ಕೆ ಒದ್ದ ಸ್ಟ್ರೈಕರ್ ಅಲ್ಲ, ರೆಫರಿ. ನಮ್ಮ ಕರ್ನಾಟಕದಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ. 2023ರ ಮಾರ್ಚ್ 3, ಬೆಂಗಳೂರಿನ ಕಂಠೀರವ ಸ್ಟೇಡಿಯಂ, ಐಎಸ್ಎಲ್ ನಾಕೌಟ್ ಪಂದ್ಯ. ಎಕ್ಸ್‌ಟ್ರಾ ಟೈಮಲ್ಲಿ ಕೇರಳ ಬ್ಲಾಸ್ಟರ್ಸ್ ಆಟಗಾರರು ಇನ್ನೂ ಗೋಡೆ ಕಟ್ಟಿ ನಿಲ್ಲೋಕೆ ಮುಂಚೆನೇ ಸುನಿಲ್ ಛೆಟ್ರಿ ಫ್ರೀ ಕಿಕ್ ಒದ್ದು ಗೋಲ್ ಹಾಕಿದರು. ರೆಫರಿ ಗೋಲ್ ಕೊಟ್ಟರು. ಕೇರಳದ ಕೋಚ್ ಇಡೀ ತಂಡವನ್ನೇ ಹೊರಗೆ ಕರ್ಕೊಂಡು ಹೋದರು. ಬೆಂಗಳೂರು ಗೆದ್ದಿತು, ಕೇರಳ ತಂಡಕ್ಕೆ 4 ಕೋಟಿ ದಂಡ ಬಿತ್ತು. ಆದರೆ ವಾದ ಮಾತ್ರ ಇವತ್ತಿಗೂ ಮುಗಿದಿಲ್ಲ.

ಇಂಥ ಸಿಟ್ಟಿನ ಅರ್ಧ ಭಾಗಕ್ಕಾದರೂ ಪರಿಹಾರ ಹುಡುಕಿದ ಒಬ್ಬ ವ್ಯಕ್ತಿ ಇದ್ದರು. ಅವರೂ ರೆಫರಿನೇ, ಅದೂ ಸಿಕ್ಕಾಪಟ್ಟೆ ಬೈಸಿಕೊಂಡ ರೆಫರಿ. ಹೆಸರು ಕೆನ್ ಆಸ್ಟನ್.

ಆಸ್ಟನ್ ಹುಟ್ಟಿದ್ದು 1915ರ ಸೆಪ್ಟೆಂಬರ್ 1ರಂದು, ಇಂಗ್ಲೆಂಡಿನ ಕೋಲ್ಚೆಸ್ಟರ್‌ನಲ್ಲಿ. ವೃತ್ತಿಯಲ್ಲಿ ಸ್ಕೂಲ್ ಮೇಷ್ಟ್ರು, ಮುಂದೆ ಹೆಡ್ ಮಾಸ್ಟರ್ ಕೂಡ ಆದರು. 1936ರಲ್ಲಿ ರೆಫರಿ ಪರೀಕ್ಷೆ ಪಾಸಾದರು. ಎರಡನೇ ಮಹಾಯುದ್ಧ ಬಂದಾಗ ಕಾಲಿನ ಗಾಯದಿಂದಾಗಿ ವಾಯುಸೇನೆ ಅವರನ್ನು ತಗೊಳ್ಳಲಿಲ್ಲ. ಕೊನೆಗೆ ಸೇರಿದ್ದು ನಮ್ಮ ದೇಶದ ಆಗಿನ ಬ್ರಿಟಿಷ್ ಇಂಡಿಯನ್ ಆರ್ಮಿಗೆ! ಲೆಫ್ಟಿನೆಂಟ್ ಕರ್ನಲ್ ಆಗಿ, ಸಿಂಗಾಪುರದ ಚಾಂಗಿಯಲ್ಲಿ ಯುದ್ಧಾಪರಾಧಗಳ ನ್ಯಾಯಮಂಡಳಿಯಲ್ಲೂ ಕೆಲಸ ಮಾಡಿದರು.

ಯುದ್ಧ ಮುಗಿಸಿ ಮತ್ತೆ ಸೀಟಿ ಹಿಡಿದರು. ಆಗ ಲೈನ್ಸ್‌ಮನ್‌ಗಳ ಬಾವುಟ ಆತಿಥೇಯ ಕ್ಲಬ್ಬಿನ ಬಣ್ಣದಲ್ಲಿ ಇರ್ತಿತ್ತು. ಮಂಜು ಕವಿದರೆ ಅದು ಕಾಣೋದೇ ಕಷ್ಟ. ಆಸ್ಟನ್ ಎದ್ದು ಕಾಣೋ ಹಳದಿ ಬಾವುಟ ತಂದರು. ಚಿಕ್ಕ ಬದಲಾವಣೆ, ಆದರೆ ಅವರ ತಲೆ ಯಾವ ದಿಕ್ಕಲ್ಲಿ ಓಡ್ತಿತ್ತು ಅಂತ ಇಲ್ಲೇ ಗೊತ್ತಾಗತ್ತೆ. ತೀರ್ಪು ಕೊಟ್ಟರೆ ಸಾಲದು, ಅದು ಎಲ್ಲರಿಗೂ ಕಾಣಬೇಕು.

ಅವರ ಜೀವನದ ಅತಿ ಕೆಟ್ಟ ದಿನ 1962ರ ಜೂನ್ 2. ವಿಶ್ವಕಪ್, ಚಿಲಿ ವಿರುದ್ಧ ಇಟಲಿ, ಸ್ಯಾಂಟಿಯಾಗೊ ನಗರ. ಇಟಲಿಯ ಪತ್ರಕರ್ತರು ಆ ಊರಿನ ಬಗ್ಗೆ ಕೀಳಾಗಿ ಬರೆದಿದ್ದರಿಂದ ಜನ ಮೊದಲೇ ಕುದೀತಿದ್ದರು. ಮೊದಲ ಫೌಲ್ ಆಗಿದ್ದು 12 ಸೆಕೆಂಡ್ ಒಳಗೆ. ಸ್ವಲ್ಪ ಹೊತ್ತಲ್ಲೇ ಆಸ್ಟನ್ ಇಟಲಿಯ ಫೆರಿನಿಯನ್ನ ಹೊರಗೆ ಹಾಕಿದರು. ಆತ ಹೋಗಲಿಲ್ಲ, ಪೊಲೀಸರು ಬಂದು ಎಳ್ಕೊಂಡು ಹೋಗಬೇಕಾಯ್ತು. ಚಿಲಿಯ ಸಾಂಚೆಸ್ ಕೊಟ್ಟ ಗುದ್ದಿಗೆ ಇಟಲಿಯ ಮಾಸ್ಕಿಯೋ ಮೂಗು ಮುರೀತು. ಸಾಂಚೆಸ್ ಮಾತ್ರ ಮೈದಾನದಲ್ಲೇ ಉಳಿದ, ಅವನಿಗೆ ಒದ್ದ ಇಟಲಿಯ ದಾವಿದ್ ಹೊರಗೆ ಹೋದ. ಚಿಲಿ 2-0 ಗೆದ್ದಿತು. ಆ ಪಂದ್ಯಕ್ಕೆ ಸ್ಯಾಂಟಿಯಾಗೊ ಕದನ ಅನ್ನೋ ಹೆಸರೇ ಉಳೀತು. ಇಟಲಿಯವರ ಸಿಟ್ಟು ಸುಳ್ಳಲ್ಲ. ಅವರ ಜಾಗದಲ್ಲಿ ನಾವಿದ್ದರೂ ಬೈತಿದ್ವಿ.

ಮರುವರ್ಷ ಎಫ್ಎ ಕಪ್ ಫೈನಲ್ ನಡೆಸಿ ಆಸ್ಟನ್ ಸೀಟಿ ಕೆಳಗಿಟ್ಟರು. 1966ರ ಇಂಗ್ಲೆಂಡ್ ವಿಶ್ವಕಪ್ಪಿಗೆ ಅವರು ರೆಫರಿಗಳ ಮುಖ್ಯಸ್ಥ. ವೆಂಬ್ಲಿಯಲ್ಲಿ ಇಂಗ್ಲೆಂಡ್ ಮತ್ತು ಅರ್ಜೆಂಟೀನಾ ಕ್ವಾರ್ಟರ್ ಫೈನಲ್. ಜರ್ಮನಿಯ ರೆಫರಿ ಕ್ರೈಟ್ಲೈನ್ ಅರ್ಜೆಂಟೀನಾ ಕ್ಯಾಪ್ಟನ್ ರಾಟಿನ್‌ಗೆ ಹೊರಗೆ ಹೋಗು ಅಂದರು. ಇವರ ಭಾಷೆ ಅವನಿಗೆ ಬರಲ್ಲ, ಅವನ ಸ್ಪ್ಯಾನಿಷ್ ಇವರಿಗೆ ಬರಲ್ಲ. ರಾಟಿನ್ ಹಲವು ನಿಮಿಷ ಅಲ್ಲೇ ನಿಂತ. ಕೊನೆಗೆ ಆಸ್ಟನ್ನೇ ಮೈದಾನಕ್ಕೆ ಇಳಿದು ಒಪ್ಪಿಸಬೇಕಾಯ್ತು. ಅರ್ಜೆಂಟೀನಾದಲ್ಲಿ ಆ ಮ್ಯಾಚನ್ನ ಈಗಲೂ ಕಳ್ಳತನ ಅಂತಾನೇ ಕರೀತಾರೆ. ಇನ್ನೂ ತಮಾಷೆ ಅಂದ್ರೆ, ಇಂಗ್ಲೆಂಡಿನ ಜಾಕ್ ಚಾರ್ಲ್ಟನ್‌ಗೆ ತಮಗೂ ರೆಫರಿ ಎಚ್ಚರಿಕೆ ಕೊಟ್ಟಿದ್ದರು ಅನ್ನೋದು ಗೊತ್ತಾಗಿದ್ದು ಪೇಪರ್ ನೋಡಿದ ಮೇಲೆ!

ಇದೇ ಯೋಚನೆಯಲ್ಲಿ ಆಸ್ಟನ್ ಕಾರಲ್ಲಿ ವಾಪಸ್ ಹೋಗ್ತಿದ್ದಾಗ ಲಂಡನ್ನಿನ ಕೆನ್ಸಿಂಗ್ಟನ್ ಹೈ ಸ್ಟ್ರೀಟಲ್ಲಿ ಸಿಗ್ನಲ್ ಬಿತ್ತು. ಹಳದಿ, ಆಮೇಲೆ ಕೆಂಪು. ಹರಿಹರದಿಂದ ದಾವಣಗೆರೆಗೆ ದಿನಾ ಓಡಾಡೋ ನಾವೂ ಸಿಗ್ನಲ್ಲಲ್ಲಿ ನಿಲ್ತೀವಿ, ನಿಂತ ತಕ್ಷಣ ಮೊಬೈಲ್ ತೆಗೀತೀವಿ. ಆಸ್ಟನ್‌ಗೆ ಅಲ್ಲಿ ಹೊಳೆದಿದ್ದು ಬೇರೆ. ಹಳದಿ ಅಂದ್ರೆ ಹುಷಾರು, ಕೆಂಪು ಅಂದ್ರೆ ಮುಗೀತು. ಇದಕ್ಕೆ ಭಾಷೆನೇ ಬೇಡ. ಮನೆಗೆ ಹೋಗಿ ಹೇಳಿದಾಗ ಹೆಂಡತಿ ಹಿಲ್ಡಾ ಬಣ್ಣದ ಕಾಗದ ಕತ್ತರಿಸಿ ಜೇಬಿಗೆ ಹಿಡಿಸೋ ಅಳತೆಯ ಎರಡು ಕಾರ್ಡ್ ಮಾಡಿಕೊಟ್ಟರು. ಮೊದಲ ಪ್ರೋಟೋಟೈಪ್ ಅದೇ. ಲ್ಯಾಬ್ ಇಲ್ಲ, ಫಂಡಿಂಗ್ ಇಲ್ಲ, ಒಂದು ಕತ್ತರಿ ಅಷ್ಟೇ.

1970ರ ಮೆಕ್ಸಿಕೋ ವಿಶ್ವಕಪ್ಪಲ್ಲಿ ಕಾರ್ಡ್‌ಗಳು ಬಂದವು. ಆ ವರ್ಷ ಯಾರಿಗೂ ಕೆಂಪು ಬೀಳಲಿಲ್ಲ. ವಿಶ್ವಕಪ್ಪಿನ ಮೊದಲ ಕೆಂಪು ಕಾರ್ಡ್ 1974ರಲ್ಲಿ ಕಾರ್ಲೋಸ್ ಕಾಸೆಲಿಗೆ. ಅವನು ಯಾವ ದೇಶದವನು ಗೊತ್ತಾ? ಚಿಲಿ! ಬದಲಿ ಆಟಗಾರರ ನಂಬರ್ ಬೋರ್ಡ್ ಕೂಡ ಆಸ್ಟನ್ ತಂದಿದ್ದೇ. ಆಮೇಲೆ ಅಮೆರಿಕದಲ್ಲಿ ಮಕ್ಕಳ ಫುಟ್ಬಾಲ್ ಸಂಸ್ಥೆಯ ರೆಫರಿಗಳಿಗೆ ಪಾಠ ಹೇಳಿದರು. 2001ರ ಅಕ್ಟೋಬರ್ 23ರಂದು ತೀರಿಕೊಂಡರು.

ಕಾರ್ಡ್ ಬಂದ ಮೇಲೆ ತಪ್ಪು ತೀರ್ಪು ನಿಂತಿತಾ? ಇಲ್ಲ. ವಿಎಆರ್ ಬಂದರೂ ನಿಂತಿಲ್ಲ. ಸಾಂಚೆಸ್ ಗುದ್ದಿದಾಗ ಆಸ್ಟನ್ ಜೇಬಲ್ಲಿ ಕೆಂಪು ಕಾರ್ಡ್ ಇದ್ದಿದ್ದರೂ, ಅದನ್ನ ತೆಗೆಯೋ ನಿರ್ಧಾರ ಒಬ್ಬ ಮನುಷ್ಯನದೇ ಆಗಿರ್ತಿತ್ತು. ಆದರೆ ರೆಫರಿ ಏನು ತೀರ್ಮಾನ ಮಾಡಿದ ಅನ್ನೋದು ಗ್ಯಾಲರಿಯ ಕೊನೇ ಸಾಲಿಗೂ ಕಾಣೋ ಹಾಗಾಯ್ತು. ಅಭಿಮಾನಿಗೆ ತೀರ್ಪು ಒಪ್ಪಿಗೆ ಆಗದೇ ಇರಬಹುದು. ಏನಾಯ್ತು ಅಂತಾನೇ ತಿಳೀದೇ ಕೂರೋದು ಅದಕ್ಕಿಂತ ಕಷ್ಟ. ಕಂಠೀರವದಲ್ಲಿ ಎರಡು ತಂಡಗಳು ಜಗಳ ಆಡಿದ್ದೂ ಇದಕ್ಕೇ ತಾನೇ, ಒದೆಯೋಕೆ ರೆಫರಿ ಒಪ್ಪಿಗೆ ಕೊಟ್ಟಿದ್ದರೋ ಇಲ್ಲವೋ ಅಂತ?

ಬೈಸಿಕೊಂಡವರು ಸಾಮಾನ್ಯವಾಗಿ ಬೈದವರ ಮೇಲೆ ಸಿಟ್ಟಾಗ್ತಾರೆ. ಆಸ್ಟನ್ ಆ ಸಿಟ್ಟಿನಲ್ಲಿ ಸರಿಮಾಡಬಹುದಾದದ್ದು ಏನಿದೆ ಅಂತ ಹುಡುಕಿದರು. ಮುಂದಿನ ಇಂಟರ್ ಬ್ರಾಂಚ್ ಮ್ಯಾಚಲ್ಲಿ ರೆಫರಿ ಆಗೋಕೆ ಒಪ್ಪಿಕೊಳ್ಳೋ ಪಾಪದ ಸೀನಿಯರ್‌ಗೆ ಬೈಯಿರಿ, ಪರವಾಗಿಲ್ಲ. ಆದರೆ ಅವನ ಕೈಗೆ ಎರಡು ಕಾರ್ಡ್ ಕೊಟ್ಟು ಆಮೇಲೆ ಬೈಯಿರಿ.