ಯುದ್ಧ ಬೇಡವೆಂದ ಅಧ್ಯಕ್ಷ: ವುಡ್ರೋ ವಿಲ್ಸನ್

ಯುದ್ಧವನ್ನು ಬಯಸಿ ರಣರಂಗಕ್ಕೆ ಇಳಿದವರ ಕಥೆಗಳು ಚರಿತ್ರೆಯಲ್ಲಿ ಬೇಕಾದಷ್ಟಿವೆ. ಯುದ್ಧವನ್ನು ದೂರವಿಡಲು ಎರಡೂವರೆ ವರ್ಷಗಳಿಗೂ ಮಿಕ್ಕಿ ಹೆಣಗಾಡಿ, ಕಡೆಗೆ ತಮ್ಮ ಕೈಯಿಂದಲೇ ಯುದ್ಧಘೋಷಣೆಗೆ ಸಹಿ ಹಾಕಿದವರ ಕಥೆ ಅಪರೂಪವಾದುದು. ಅಮೆರಿಕಾ ಸಂಯುಕ್ತ ಸಂಸ್ಥಾನದ 28ನೆಯ ಅಧ್ಯಕ್ಷ ವುಡ್ರೋ ವಿಲ್ಸನ್ನರ ಜೀವಿತ ಅಂತಹುದು. ತಟಸ್ಥವಾಗಿ ಉಳಿಯಬೇಕೆಂದು ಮನಃಪೂರ್ವಕವಾಗಿ ನಿಶ್ಚಯಿಸಿದ ರಾಷ್ಟ್ರವೊಂದು ಮಹಾಯುದ್ಧದ ಸುಳಿಗೆ ಹೇಗೆ ಸಿಲುಕುತ್ತದೆಂಬುದನ್ನು ತಿಳಿಯಬಯಸುವವರು ಈ ಜೀವಿತವನ್ನು ಒಮ್ಮೆ ನೋಡಬೇಕೆಂದು ನಮಗೆ ತೋರುತ್ತದೆ.

ವಿಲ್ಸನ್ನರು ಹುಟ್ಟಿದ್ದು 1856ರ ಡಿಸೆಂಬರ್ 28ರಂದು, ವರ್ಜೀನಿಯಾ ಸಂಸ್ಥಾನದ ಸ್ಟಾಂಟನ್ ಎಂಬ ಊರಿನಲ್ಲಿ. ತಂದೆ ಕ್ರೈಸ್ತ ಧರ್ಮೋಪದೇಶಕರು. ಬಾಲ್ಯ ಕಳೆದದ್ದು ಜಾರ್ಜಿಯಾದ ಆಗಸ್ಟಾ ನಗರದಲ್ಲಿ. ಅಮೆರಿಕೆಯ ಉತ್ತರ ದಕ್ಷಿಣ ಸಂಸ್ಥಾನಗಳ ನಡುವಣ ಅಂತರ್ಯುದ್ಧ ಅವರ ಮನೆಯ ಬಾಗಿಲಿಗೇ ಬಂದಿತ್ತು. ತಂದೆಯವರು ಉಪದೇಶ ಮಾಡುತ್ತಿದ್ದ ಇಗರ್ಜಿಯೇ ಗಾಯಾಳು ಸೈನಿಕರ ಆಸ್ಪತ್ರೆಯಾಯಿತು. ಸೋತ ನಾಡು ಹೇಗಿರುತ್ತದೆಂಬುದನ್ನು ಹತ್ತು ವರ್ಷ ತುಂಬುವ ಮೊದಲೇ ಕಣ್ಣಾರೆ ಕಂಡ ಬಾಲಕನಿಗೆ ಯುದ್ಧವೆಂದರೆ ಪುಸ್ತಕದ ಮಾತಾಗಿರಲಿಲ್ಲ.

ಮುಂದೆ ಅವರು ಪ್ರಿನ್ಸ್‌ಟನ್ನಿನಲ್ಲಿ ಓದಿದರು. ಕೆಲಕಾಲ ವಕೀಲಿ ಮಾಡಿ, ಅದು ಒಗ್ಗದೆ ವಿದ್ಯಾವ್ಯಾಸಂಗಕ್ಕೇ ಮರಳಿದರು. 1886ರಲ್ಲಿ ಡಾಕ್ಟರೇಟ್ ಪಡೆದರು. ಪ್ರಾಧ್ಯಾಪಕರಾಗಿ, 1902ರಿಂದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿ, 1911ರಲ್ಲಿ ನ್ಯೂ ಜೆರ್ಸಿಯ ಗವರ್ನರಾಗಿ, 1913ರ ಮಾರ್ಚ್‌ನಲ್ಲಿ ರಾಷ್ಟ್ರಾಧ್ಯಕ್ಷರಾದರು. ತೆರಿಗೆ, ಬ್ಯಾಂಕು, ಕಾರ್ಮಿಕರ ಸ್ಥಿತಿಗತಿ ಇವುಗಳ ಸುಧಾರಣೆಯೇ ಅವರ ಮನಸ್ಸಿನಲ್ಲಿದ್ದದ್ದು. ಆದರೆ ಅವರ ಸರ್ಕಾರವೇ ಕೇಂದ್ರದ ಕಚೇರಿಗಳಲ್ಲಿ ಕರಿಯ ನೌಕರರನ್ನು ಬೇರೆ ಕೂರಿಸುವ ಪದ್ಧತಿಯನ್ನು ಬಲಪಡಿಸಿತೆಂಬುದನ್ನೂ ಇಲ್ಲಿ ಮರೆಮಾಚಲಾಗದು.

1914ರ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಎರಡು ಸಿಡಿಲುಗಳು ಒಟ್ಟಿಗೆ ಎರಗಿದವು. 4ರಂದು ಬ್ರಿಟನ್ ಯುದ್ಧಕ್ಕೆ ಇಳಿಯಿತು. 6ರಂದು ವಿಲ್ಸನ್ನರ ಪತ್ನಿ ಎಲೆನ್ ತೀರಿಕೊಂಡರು. ಆ ದುಃಖದ ನಡುವೆಯೇ ಅವರು ದೇಶ ತಟಸ್ಥವೆಂದು ಘೋಷಿಸಿದರು. ಕಾರ್ಯದಲ್ಲಿ ಮಾತ್ರವಲ್ಲದೆ ಆಲೋಚನೆಯಲ್ಲಿಯೂ ಪಕ್ಷಪಾತ ಬೇಡವೆಂದು ಜನರನ್ನು ಕೇಳಿಕೊಂಡರು. ಈ ಬೇಡಿಕೆಗೆ ಬಲವಾದ ಕಾರಣವಿತ್ತು. ಅಂದಿನ ಅಮೆರಿಕೆಯಲ್ಲಿ ಮೂವರಲ್ಲೊಬ್ಬರು ಹೊರದೇಶದಲ್ಲಿ ಹುಟ್ಟಿದವರು, ಇಲ್ಲವೆ ಅಂಥವರ ಮಕ್ಕಳು. ಅವರಲ್ಲಿ ಜರ್ಮನರು ಲಕ್ಷಾಂತರ, ಇಂಗ್ಲಿಷರನ್ನು ಕಂಡರಾಗದ ಐರಿಷರು ಲಕ್ಷಾಂತರ. ಯೂರೋಪಿನ ಕಾಳಗ ಅಮೆರಿಕೆಯ ಬೀದಿಗಳಿಗೆ ಬಂದರೆ ದೇಶವೇ ಒಡೆದೀತೆಂಬ ಭಯ ಅವರಿಗಿತ್ತು.

ಘೋಷಣೆ ಮಾಡುವುದು ಸುಲಭ, ಅದನ್ನು ನಡೆಸುವುದು ಕಷ್ಟ. ಬ್ರಿಟಿಷ್ ನೌಕಾಪಡೆ ಜರ್ಮನಿಗೆ ಹೋಗುವ ಸಮುದ್ರಮಾರ್ಗಗಳನ್ನು ಮುಚ್ಚಿತು. ಆದುದರಿಂದ ಅಮೆರಿಕೆಯ ಗೋಧಿ, ಹತ್ತಿ, ಉಕ್ಕು, ಮದ್ದುಗುಂಡುಗಳು ಕಾನೂನಿನ ಪ್ರಕಾರ ಯಾರಿಗೆ ಬೇಕಾದರೂ ಮಾರಾಟಕ್ಕಿದ್ದರೂ, ವಾಸ್ತವದಲ್ಲಿ ಕೊಳ್ಳಬಲ್ಲವರು ಮಿತ್ರಪಕ್ಷದವರು ಮಾತ್ರವಾದರು. ಕೊಳ್ಳುವವರಲ್ಲಿ ಹಣ ತೀರುತ್ತ ಬಂದಿತು. ಯುದ್ಧನಿರತರಿಗೆ ಸಾಲ ಕೊಡುವುದು ತಟಸ್ಥ ನೀತಿಗೆ ತಕ್ಕುದಲ್ಲವೆಂದು ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್ನರು ಮೊದಲು ತಡೆ ಹಾಕಿದ್ದರು. ವ್ಯಾಪಾರ ನಿಂತು ಕಾರ್ಖಾನೆಗಳು ಮುಚ್ಚುವ ಭಯ ಹುಟ್ಟಿದಾಗ ಆ ತಡೆ ಸಡಿಲವಾಯಿತು. 1915ರ ಅಕ್ಟೋಬರ್‌ನಲ್ಲಿ ಬ್ರಿಟನ್ ಮತ್ತು ಫ್ರಾನ್ಸುಗಳಿಗೆ ಒಂದೇ ಕಂತಿನಲ್ಲಿ 50 ಕೋಟಿ ಡಾಲರ್ ಸಾಲ ದೊರೆಯಿತು. 1917ರ ವೇಳೆಗೆ ಮಿತ್ರಪಕ್ಷಕ್ಕೆ ಸಂದ ಅಮೆರಿಕೆಯ ಸಾಲ 200 ಕೋಟಿ ಡಾಲರುಗಳನ್ನು ಮೀರಿತ್ತು. ಜರ್ಮನಿಗೆ ಸಂದದ್ದು ಅದರ ನೂರರಲ್ಲಿ ಒಂದೆರಡು ಪಾಲು. ಯಾರೂ ನಿಯಮ ಮುರಿಯಲಿಲ್ಲ. ಆದರೂ ತಕ್ಕಡಿ ಒಂದು ಕಡೆಗೆ ವಾಲಿತು. ಸಾಲ ಕೊಟ್ಟವನಿಗೆ ಸಾಲಗಾರನ ಗೆಲುವಿನಲ್ಲಿ ಆಸಕ್ತಿ ಹುಟ್ಟುವುದು ಲೋಕರೂಢಿಯಷ್ಟೆ.

ಸಮುದ್ರದ ಮೇಲೆ ಬ್ರಿಟನ್ನನ್ನು ಎದುರಿಸಲಾರದ ಜರ್ಮನಿ ಸಮುದ್ರದ ಒಳಗಿನಿಂದ ಎದುರಿಸಿತು. 1915ರ ಫೆಬ್ರುವರಿಯಲ್ಲಿ ಬ್ರಿಟಿಷ್ ದ್ವೀಪಗಳ ಸುತ್ತಣ ಜಲಪ್ರದೇಶವನ್ನೆಲ್ಲ ಯುದ್ಧವಲಯವೆಂದು ಸಾರಿ, ಸಬ್‌ಮೆರೀನುಗಳನ್ನು ಬಿಟ್ಟಿತು. ಅಮೆರಿಕೆಯ ಜೀವಗಳಿಗೆ ಹಾನಿಯಾದರೆ ಜರ್ಮನಿಯನ್ನೇ ಹೊಣೆ ಮಾಡುವುದಾಗಿ ವಿಲ್ಸನ್ನರು ಎಚ್ಚರಿಸಿದರು. ಮೇ 7ರಂದು ಐರ್ಲೆಂಡಿನ ಕರಾವಳಿಯ ಬಳಿ ಲೂಸಿಟೇನಿಯಾ ಎಂಬ ಬ್ರಿಟಿಷ್ ಪ್ರಯಾಣಿಕ ಹಡಗು ಟಾರ್ಪೆಡೊ ತಗುಲಿ ಮುಳುಗಿತು. ಸತ್ತವರು 1,198 ಮಂದಿ. ಅವರಲ್ಲಿ 128 ಮಂದಿ ಅಮೆರಿಕನರು. ಹೆಂಗಸರೂ ಮಕ್ಕಳೂ ಇದ್ದ ಆ ಹಡಗಿನಲ್ಲಿಯೇ ಬಂದೂಕಿನ ತೋಟಾಗಳೂ ಲಕ್ಷಗಟ್ಟಲೆ ಇದ್ದವು.

ಇಲ್ಲಿ ಇಬ್ಬರು ಶಾಂತಿಪ್ರಿಯರ ದಾರಿ ಕವಲೊಡೆಯಿತು. ಬ್ರಿಟನ್ನಿನ ದಿಗ್ಬಂಧನವನ್ನೂ ಜರ್ಮನಿಯ ಸಬ್‌ಮೆರೀನನ್ನೂ ಒಂದೇ ಸಮನಾಗಿ ಖಂಡಿಸಬೇಕು, ಯುದ್ಧನಿರತರ ಹಡಗುಗಳಲ್ಲಿ ಅಮೆರಿಕನರು ಪ್ರಯಾಣ ಮಾಡದಂತೆ ತಡೆಯಬೇಕು ಎಂಬುದು ಬ್ರಯನ್ನರ ಮತ. ಒಂದು ಸಾಮಾನನ್ನು ತಡೆಯುವುದಕ್ಕೂ ಒಂದು ಜೀವವನ್ನು ತೆಗೆಯುವುದಕ್ಕೂ ಅಂತರವಿದೆ, ತಟಸ್ಥರ ಹಕ್ಕನ್ನು ಬಿಟ್ಟುಕೊಡುತ್ತ ಹೋದರೆ ಮುಂದೆ ಉಳಿಯುವುದೇನೂ ಇಲ್ಲ ಎಂಬುದು ವಿಲ್ಸನ್ನರ ಮತ. ಜೂನ್‌ನಲ್ಲಿ ಬ್ರಯನ್ನರು ರಾಜೀನಾಮೆಯಿತ್ತು ಹೊರಬಂದರು. ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತೆಂದೇ ನಮ್ಮ ಭಾವನೆ. ಆದರೆ ವಿಲ್ಸನ್ನರು ಹಿಡಿದ ದಾರಿಯಲ್ಲಿ ಹಿಂದಿರುಗುವ ಅವಕಾಶ ಕಡಿಮೆಯಿತ್ತು.

1916ರ ಮಾರ್ಚ್‌ನಲ್ಲಿ ಸಸೆಕ್ಸ್ ಎಂಬ ಫ್ರೆಂಚ್ ಹಡಗಿನ ಮೇಲೆ ಹಲ್ಲೆಯಾದಾಗ, ಇಂತಹ ಕೃತ್ಯ ಮುಂದುವರಿದರೆ ಜರ್ಮನಿಯೊಡನೆ ಸಂಬಂಧವನ್ನೇ ಕಡಿದುಕೊಳ್ಳುವುದಾಗಿ ಅವರು ಪಟ್ಟುಹಿಡಿದರು. ಜರ್ಮನಿ ಮಣಿದು ಮಾತುಕೊಟ್ಟಿತು. ದೇಶವೆಲ್ಲ ಇದನ್ನು ಶಾಂತಿಯ ವಿಜಯವೆಂದು ಕೊಂಡಾಡಿತು. ನಿಜವಾಗಿ ನೋಡಿದರೆ, ಅಮೆರಿಕೆ ಯುದ್ಧಕ್ಕೆ ಬರಬೇಕೆ ಬೇಡವೆ ಎಂಬ ತೀರ್ಮಾನ ಅಂದಿನಿಂದ ವಾಷಿಂಗ್ಟನ್ನಿನ ಕೈತಪ್ಪಿ ಬರ್ಲಿನ್ನಿನ ಸೇನಾಪತಿಗಳ ಕೈ ಸೇರಿತು. ಅವರು ಮಾತು ಮುರಿದ ದಿನ ವಿಲ್ಸನ್ನರಿಗೆ ಬೇರೆ ದಾರಿ ಇರುತ್ತಿರಲಿಲ್ಲ.

ಆ ವರ್ಷದ ನವೆಂಬರ್ ಚುನಾವಣೆಯಲ್ಲಿ ವಿಲ್ಸನ್ನರ ಪಕ್ಷದವರು ದೇಶವನ್ನು ಯುದ್ಧದಿಂದ ಹೊರಗಿಟ್ಟವರೆಂದು ಅವರನ್ನು ಸಾರಿ ಹೊಗಳಿ ಮತ ಕೇಳಿದರು. ಚಾರ್ಲ್ಸ್ ಇವಾನ್ಸ್ ಹ್ಯೂಸ್‌ರವರ ಮೇಲೆ 277ಕ್ಕೆ 254 ಮತಗಳಿಂದ ವಿಲ್ಸನ್ನರು ಗೆದ್ದರು. ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು ಸಾವಿರಕ್ಕೂ ಕಡಿಮೆ ಮತಗಳು ಫಲಿತಾಂಶವನ್ನು ನಿರ್ಣಯಿಸಿದವು. ಗೆದ್ದವರು ಸುಮ್ಮನೆ ಕೂರಲಿಲ್ಲ. ಡಿಸೆಂಬರ್‌ನಲ್ಲಿ ಉಭಯ ಪಕ್ಷಗಳಿಗೂ ಸಂಧಿಯ ಷರತ್ತುಗಳನ್ನು ತಿಳಿಸುವಂತೆ ಬರೆದರು. ಸೋತವನನ್ನು ತುಳಿಯದ ಶಾಂತಿಯೇ ಬಾಳುವ ಶಾಂತಿಯೆಂದು 1917ರ ಜನವರಿ 22ರಂದು ಸೆನೆಟ್ ಸಭೆಯಲ್ಲಿ ಪ್ರತಿಪಾದಿಸಿದರು.

ಅಷ್ಟರಲ್ಲಿ ಕಾಲ ಮಿಂಚಿತ್ತು. ಅಮೆರಿಕೆಯ ಸೈನ್ಯ ಸಿದ್ಧವಾಗಿ ಬರುವ ಮೊದಲೇ ಬ್ರಿಟನ್ನನ್ನು ಉಪವಾಸ ಕೆಡವಬಹುದೆಂದು ಲೆಕ್ಕಹಾಕಿದ ಜರ್ಮನಿ, ಫೆಬ್ರುವರಿ 1ರಿಂದ ತಟಸ್ಥರ ಹಡಗುಗಳನ್ನೂ ಬಿಡದೆ ಮುಳುಗಿಸತೊಡಗಿತು. 3ರಂದು ವಿಲ್ಸನ್ನರು ರಾಜತಾಂತ್ರಿಕ ಸಂಬಂಧ ಕಡಿದರು. ಜರ್ಮನಿಯ ವಿದೇಶಾಂಗ ಸಚಿವ ಜಿಮರ್‌ಮನ್ ಮೆಕ್ಸಿಕೋವಿಗೆ ಕಳುಹಿಸಿದ ಗುಪ್ತ ತಂತಿಯೊಂದನ್ನು ಬ್ರಿಟಿಷರು ಹಿಡಿದು, ಸಂಕೇತಗಳನ್ನು ಬಿಡಿಸಿ, ಅಮೆರಿಕೆಗೆ ಒಪ್ಪಿಸಿದರು. ಯುದ್ಧವಾದರೆ ತಮ್ಮ ಪಕ್ಷ ಸೇರಬೇಕು, ಟೆಕ್ಸಾಸ್, ನ್ಯೂ ಮೆಕ್ಸಿಕೋ, ಅರಿಜೋನಾಗಳನ್ನು ಮರಳಿ ಪಡೆಯಬಹುದು ಎಂಬುದು ಅದರ ಸಾರ. ಸಂಧಾನಕ್ಕೆ ಅನುಕೂಲವಾಗಲೆಂದು ವಿಲ್ಸನ್ನರು ಜರ್ಮನರಿಗೆ ಬಳಸಲು ಬಿಟ್ಟಿದ್ದ ಅಮೆರಿಕೆಯ ತಂತಿಯ ಮೂಲಕವೇ ಆ ಸಂದೇಶ ಹಾದುಹೋಗಿತ್ತೆಂಬುದು ಅವರನ್ನು ಇನ್ನಷ್ಟು ನೋಯಿಸಿತು. ಮಾರ್ಚ್‌ನಲ್ಲಿ ಅಮೆರಿಕೆಯ ಹಡಗುಗಳು ಒಂದರ ಹಿಂದೊಂದು ಮುಳುಗಿದವು. ಅದೇ ತಿಂಗಳು ರಷ್ಯದ ಚಕ್ರವರ್ತಿ ಸಿಂಹಾಸನ ತ್ಯಜಿಸಿದ್ದರಿಂದ, ಮಿತ್ರಪಕ್ಷವನ್ನು ಪ್ರಜಾಪ್ರಭುತ್ವದ ಪಕ್ಷವೆಂದು ಕರೆಯಲು ಇದ್ದ ಸಂಕೋಚವೂ ತೊಲಗಿತು.

ಏಪ್ರಿಲ್ 2ರ ರಾತ್ರಿ ವಿಲ್ಸನ್ನರು ಕಾಂಗ್ರೆಸ್ಸಿನ ಮುಂದೆ ನಿಂತು ಯುದ್ಧಕ್ಕೆ ಅನುಮತಿ ಕೇಳಿದರು. ಸೆನೆಟ್ 82ಕ್ಕೆ 6ರಂತೆ, ಪ್ರತಿನಿಧಿ ಸಭೆ 373ಕ್ಕೆ 50ರಂತೆ ಒಪ್ಪಿತು. ಬೇಡವೆಂದವರಲ್ಲಿ ಆ ಸಭೆಗೆ ಆಯ್ಕೆಯಾದ ಮೊಟ್ಟಮೊದಲ ಮಹಿಳೆ ಜೆನೆಟ್ ರ‍್ಯಾಂಕಿನ್‌ರವರೂ ಒಬ್ಬರು. 6ರಂದು ವಿಲ್ಸನ್ನರ ಸಹಿ ಬಿದ್ದಿತು.

ಮನೆಯೊಳಗೆ ಏನಾದೀತೆಂದು ಅವರು ಅಂಜಿದ್ದರೋ ಅದೇ ಆಯಿತು. ಅದಕ್ಕೆ ಅವರ ಸರ್ಕಾರವೇ ನೆರವಾಯಿತು. ಯುದ್ಧವನ್ನು ಟೀಕಿಸಿ ಭಾಷಣ ಮಾಡಿದ ಸಮಾಜವಾದಿ ನಾಯಕ ಯೂಜೀನ್ ಡೆಬ್ಸ್‌ರಿಗೆ ಹತ್ತು ವರ್ಷಗಳ ಸೆರೆಯಾಯಿತು. ಜರ್ಮನ್ ಭಾಷೆಯ ಪತ್ರಿಕೆಗಳು ಯುದ್ಧ ಮತ್ತು ಸರ್ಕಾರದ ವಿಷಯವಾಗಿ ಬರೆದುದನ್ನೆಲ್ಲ ಭಾಷಾಂತರಿಸಿ ಅಧಿಕಾರಿಗಳಿಗೆ ಒಪ್ಪಿಸಬೇಕಾಯಿತು. ಹಲವು ಪತ್ರಿಕೆಗಳು ಮುಚ್ಚಿಹೋದವು. ಶಾಲೆಗಳಲ್ಲಿ ಜರ್ಮನ್ ಪಾಠ ನಿಂತಿತು. ಎಳೆಯ ಮಕ್ಕಳಿಗೆ ಪರಭಾಷೆ ಕಲಿಸಬಾರದೆಂದು ನೆಬ್ರಾಸ್ಕಾ ಸಂಸ್ಥಾನ 1919ರಲ್ಲಿ ಮಾಡಿದ ಕಾನೂನನ್ನು ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿದ್ದು 1923ರಲ್ಲಿ. ಇಲಿನಾಯ್‌ನಲ್ಲಿ ಜರ್ಮನ್ ಮೂಲದ ಕಾರ್ಮಿಕನೊಬ್ಬನನ್ನು 1918ರಲ್ಲಿ ಜನರ ಗುಂಪು ನೇಣಿಗೆ ಹಾಕಿತು. ತಾಯ್ನಾಡಿನಿಂದ ದೂರವಿದ್ದು ಮನೆಮಾತನ್ನು ಉಳಿಸಿಕೊಂಡು ಬಾಳುವ ನಮ್ಮಂಥವರು ಈ ಪುಟವನ್ನು ಲಘುವಾಗಿ ಮಗುಚಲಾರೆವು.

ನಲವತ್ತು ಲಕ್ಷಕ್ಕೂ ಮಿಕ್ಕಿ ಅಮೆರಿಕನರು ಸೈನ್ಯದಲ್ಲಿ ಸೇವೆ ಸಲ್ಲಿಸಿದರು. ಸುಮಾರು 1 ಲಕ್ಷ 16 ಸಾವಿರ ಮಂದಿ ಸತ್ತರು. ಅದರಲ್ಲಿ ಅರ್ಧಕ್ಕೂ ಹೆಚ್ಚು ರೋಗಗಳಿಗೆ ತುತ್ತಾದವರು. ಇಷ್ಟು ಬೆಲೆಗೆ ನ್ಯಾಯವಾದ ಶಾಂತಿಯೊಂದು ಸಿಗಬೇಕೆಂದು ವಿಲ್ಸನ್ನರು 1918ರ ಜನವರಿಯಲ್ಲಿ ಹದಿನಾಲ್ಕು ಸೂತ್ರಗಳನ್ನು ಮುಂದಿಟ್ಟರು. ಪರಾಧೀನ ಜನಾಂಗಗಳು ಅವರತ್ತ ಆಸೆಯಿಂದ ನೋಡಿದವು. ಅದಕ್ಕೂ ಮೊದಲೇ, 1917ರ ಜೂನ್‌ನಲ್ಲಿ, ಮದರಾಸಿನ ಎಸ್. ಸುಬ್ರಹ್ಮಣ್ಯ ಅಯ್ಯರ್‌ರವರು ಭಾರತದ ಸ್ವಯಮಾಡಳಿತಕ್ಕಾಗಿ ವಿಲ್ಸನ್ನರಿಗೆ ಪತ್ರ ಬರೆದಿದ್ದರು. ಅದಕ್ಕಾಗಿ ಬ್ರಿಟಿಷ್ ಅಧಿಕಾರಿಗಳು ಆಕ್ಷೇಪಿಸಿದಾಗ ತಮ್ಮ ಬಿರುದನ್ನೇ ತ್ಯಜಿಸಿದರು. ಆದರೆ 1919ರ ಪ್ಯಾರಿಸ್ ಸಮ್ಮೇಳನದಲ್ಲಿ ಭಾರತಕ್ಕೆ ಏನೂ ದಕ್ಕಲಿಲ್ಲ. ಜನಾಂಗಗಳೆಲ್ಲ ಸಮಾನವೆಂಬ ಜಪಾನಿನ ಸೂಚನೆಗೆ ಬಹುಮತ ಬಂದರೂ, ಸರ್ವಾನುಮತವಿಲ್ಲವೆಂದು ಅದನ್ನು ಬದಿಗಿರಿಸಿದವರು ಅಧ್ಯಕ್ಷಪೀಠದಲ್ಲಿದ್ದ ವಿಲ್ಸನ್ನರೇ.

ಅವರ ಆಸೆಯೆಲ್ಲ ರಾಷ್ಟ್ರಸಂಘದ ಮೇಲಿತ್ತು. ಸೆನೆಟ್ ಒಪ್ಪದಿದ್ದಾಗ ಜನರನ್ನೇ ಒಲಿಸಿಕೊಳ್ಳಲು ದೇಶಸಂಚಾರ ಹೊರಟರು. ಸೆಪ್ಟೆಂಬರ್ 25ರಂದು ಕೊಲೊರಾಡೊದಲ್ಲಿ ಕುಸಿದರು. ಅಕ್ಟೋಬರ್ 2ರಂದು ಪಾರ್ಶ್ವವಾಯು ಬಡಿಯಿತು. ಸೆನೆಟ್ ಎರಡು ಸಲ ಒಪ್ಪಂದವನ್ನು ತಿರಸ್ಕರಿಸಿತು. ಜಗತ್ತು ಅವರಿಗೆ ನೊಬೆಲ್ ಶಾಂತಿ ಪಾರಿತೋಷಕ ಕೊಟ್ಟಿತು. ಅವರ ದೇಶ ರಾಷ್ಟ್ರಸಂಘವನ್ನು ಸೇರಲೇ ಇಲ್ಲ. 1924ರ ಫೆಬ್ರುವರಿ 3ರಂದು, ಜರ್ಮನಿಯೊಡನೆ ಸಂಬಂಧ ಕಡಿದ ದಿನಕ್ಕೆ ಸರಿಯಾಗಿ ಏಳು ವರ್ಷಗಳಾದಾಗ, ವಿಲ್ಸನ್ನರು ವಾಷಿಂಗ್ಟನ್ನಿನಲ್ಲಿ ನಿಧನರಾದರು.

ಈ ಅನುಭವದಿಂದ ಪಾಠ ಕಲಿತೆವೆಂದು ಭಾವಿಸಿದ ಅಮೆರಿಕನರು 1935ರಿಂದ ತಟಸ್ಥತೆಯ ಕಾನೂನುಗಳನ್ನೇ ಮಾಡಿದರು. ಯುದ್ಧನಿರತರಿಗೆ ಶಸ್ತ್ರ ಮಾರಕೂಡದು, ಸಾಲ ಕೊಡಕೂಡದು, ಅವರ ಹಡಗುಗಳಲ್ಲಿ ಪ್ರಯಾಣ ಮಾಡಕೂಡದು ಎಂದರು. ಅಂದು ಬ್ರಯನ್ನರು ಹೇಳಿದ್ದೇ ಇಪ್ಪತ್ತು ವರ್ಷಗಳ ಮೇಲೆ ಶಾಸನವಾಯಿತು. ಆ ಶಾಸನಗಳೂ 1939ರಿಂದ ಒಂದೊಂದಾಗಿ ಸಡಿಲವಾದವು. 1941ರ ಡಿಸೆಂಬರ್‌ನಲ್ಲಿ ಅಮೆರಿಕೆ ಮತ್ತೆ ಮಹಾಯುದ್ಧಕ್ಕೆ ಇಳಿಯಿತು.

ವಿಲ್ಸನ್ನರ ಶಾಂತಿಪ್ರೇಮ ಸೋಗಾಗಿರಲಿಲ್ಲವೆಂದು ನಾವು ನಂಬುತ್ತೇವೆ. ಅವರ ಸೋಲಿಗೆ ಕಾರಣ ಬೇರೆ. ಒಂದು ಸಾಲ, ಒಂದು ಎಚ್ಚರಿಕೆ, ಒಂದು ವಾಗ್ದಾನ ಎಂದು ಪ್ರತಿಯೊಂದು ಹೆಜ್ಜೆಯೂ ತನ್ನಷ್ಟಕ್ಕೆ ನ್ಯಾಯವಾಗಿಯೇ ಕಂಡಿತು. ಅವೆಲ್ಲ ಸೇರಿ ಎಲ್ಲಿಗೆ ಒಯ್ಯುತ್ತವೆಂಬುದನ್ನು ಹೆಜ್ಜೆಯಿಡುವ ಮೊದಲು ಎಣಿಸಲಿಲ್ಲ. ತಟಸ್ಥ ರಾಷ್ಟ್ರದ ಭವಿಷ್ಯ ಯುದ್ಧಘೋಷಣೆಯ ದಿನ ನಿಶ್ಚಯವಾಗುವುದಿಲ್ಲ. ಅದಕ್ಕೂ ಬಹಳ ಮುಂಚೆ, ಯಾರೂ ಗಮನಿಸದ ದಿನಗಳಲ್ಲಿ, ಲೆಕ್ಕಪುಸ್ತಕಗಳಲ್ಲಿಯೂ ಪತ್ರವ್ಯವಹಾರಗಳಲ್ಲಿಯೂ ಅದು ನಿಶ್ಚಯವಾಗಿರುತ್ತದೆ.