ನಿಘಂಟಿನಲ್ಲಿ ಸಿಗದ್ದನ್ನು ಕೇಳಿ ತಿಳಿದವರು: ಫುಕುಜಾವಾ ಯುಕಿಚಿ

2024ರಲ್ಲಿ ಹೊಸ ನೋಟು ಬರುವವರೆಗೆ, ನಲವತ್ತು ವರ್ಷ ಜಪಾನಿನ 10,000 ಯೆನ್ ನೋಟಿನ ಮೇಲಿದ್ದದ್ದು ಒಬ್ಬ ಮೇಷ್ಟ್ರ ಚಿತ್ರ. ಅವರೇ ಕೆಯೊ ವಿಶ್ವವಿದ್ಯಾಲಯ ಕಟ್ಟಿದ ಫುಕುಜಾವಾ ಯುಕಿಚಿ. ಹುಟ್ಟಿದ್ದು 1835ರಲ್ಲಿ, ಬಡ ಸಮುರಾಯ್ ಮನೆಯಲ್ಲಿ.

ಆ ಕಾಲದಲ್ಲಿ ಜಪಾನ್ ಹೊರಜಗತ್ತಿಗೆ ಬಾಗಿಲು ಹಾಕಿಕೊಂಡಿತ್ತು. ಯುರೋಪಿನವರಲ್ಲಿ ಡಚ್ಚರಿಗೆ ಮಾತ್ರ ನಾಗಸಾಕಿಯಲ್ಲಿ ವ್ಯಾಪಾರಕ್ಕೆ ಅವಕಾಶ. ಹಾಗಾಗಿ ಪಶ್ಚಿಮದ ವಿಜ್ಞಾನ ಬೇಕು ಅಂದ್ರೆ ಡಚ್ ಕಲಿಯಲೇಬೇಕು. 1854ರಲ್ಲಿ ನಾಗಸಾಕಿಗೆ ಹೋದ ಫುಕುಜಾವಾ, ಮರುವರ್ಷ ಒಸಾಕಾದಲ್ಲಿ ವೈದ್ಯ ಒಗಾತಾ ಕೋಆನ್ ಅವರ ಶಾಲೆ ಸೇರಿದರು. ಅಲ್ಲಿ ಅಷ್ಟೂ ಹುಡುಗರಿಗೆ ಸೇರಿ ಒಂದೇ ದೊಡ್ಡ ಡಚ್ ನಿಘಂಟು; ಅದಕ್ಕಂತಲೇ ಒಂದು ಕೋಣೆ. ಒಮ್ಮೆ ಫ್ಯಾರಡೆಯ ವಿದ್ಯುತ್ ಸಿದ್ಧಾಂತ ವಿವರಿಸುವ ದುಬಾರಿ ಪುಸ್ತಕವೊಂದು ಕೆಲವೇ ದಿನಕ್ಕೆ ಕೈಗೆ ಸಿಕ್ಕಿತು. ಹುಡುಗರು ಪಾಳಿ ಹಾಕಿಕೊಂಡು, ಹಗಲು ರಾತ್ರಿ ಕೂತು ಆ ಅಧ್ಯಾಯವನ್ನು ಕೈಯಲ್ಲೇ ನಕಲು ಮಾಡಿದರು. ಜೆರಾಕ್ಸ್ ಅಂಗಡಿ ಇಲ್ಲದ ಕಾಲ ನೋಡಿ!

1859ರಲ್ಲಿ, ವಿದೇಶಿಯರಿಗೆ ಹೊಸದಾಗಿ ತೆರೆದ ಯೊಕೊಹಾಮಾ ಬಂದರು ನೋಡಲು ಹೋದರು. ಅಂಗಡಿ ಬೋರ್ಡು ಓದಕ್ಕಾಗಲಿಲ್ಲ, ಬಾಟಲಿ ಮೇಲಿನ ಚೀಟಿಯೂ ಅರ್ಥವಾಗಲಿಲ್ಲ. ಎಲ್ಲ ಕಡೆ ಇಂಗ್ಲಿಷ್! ಐದು ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು ಅನ್ನಿಸಿತು. ಆದರೂ ಬೇಜಾರಲ್ಲಿ ಹೆಚ್ಚು ದಿನ ಕೂರಲಿಲ್ಲ. ಡಚ್-ಇಂಗ್ಲಿಷ್ ನಿಘಂಟು ಹಿಡಿದು ಮೊದಲಿಂದ ಶುರು ಮಾಡಿದರು. ಎರಡೂ ಭಾಷೆಯ ವ್ಯಾಕರಣ ಹತ್ತಿರ ಹತ್ತಿರ ಇರುವುದರಿಂದ ಹಳೆಯ ಓದು ಕೈ ಹಿಡಿಯಿತು.

1860ರಲ್ಲಿ ಕಾನ್ರಿನ್ ಮಾರು ಎಂಬ ಹಡಗಿನಲ್ಲಿ, ಅಧಿಕಾರಿಯೊಬ್ಬರ ಸಹಾಯಕನಾಗಿ ಅಮೆರಿಕಕ್ಕೆ ಹೊರಟರು. 37 ದಿನಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಸೇರಿದರು. ಅಲ್ಲಿನವರು ಹೆಮ್ಮೆಯಿಂದ ತೋರಿಸಿದ ಟೆಲಿಗ್ರಾಫ್ ನೋಡಿ ಅವರಿಗೆ ಆಶ್ಚರ್ಯವಾಗಲಿಲ್ಲ. ಅದನ್ನು ಪುಸ್ತಕದಲ್ಲೇ ಓದಿದ್ದರು. ಆಶ್ಚರ್ಯವಾದದ್ದು ಬೇರೆ. ಜಾರ್ಜ್ ವಾಷಿಂಗ್ಟನ್ ವಂಶಸ್ಥರು ಈಗ ಎಲ್ಲಿದ್ದಾರೆಂದು ಕೇಳಿದರೆ ಯಾರಿಗೂ ಸರಿಯಾಗಿ ಗೊತ್ತಿಲ್ಲ, ಗೊತ್ತಿಲ್ಲವಲ್ಲ ಅನ್ನೋ ಚಿಂತೆಯೂ ಇಲ್ಲ! ವಂಶದಿಂದಲೇ ಅಧಿಕಾರ ಬರುತ್ತಿದ್ದ ನಾಡಿನವರಿಗೆ ಇದು ಒಗಟು. ವಾಪಸ್ ಬರುವಾಗ ವೆಬ್‌ಸ್ಟರ್ ನಿಘಂಟು ಕೊಂಡು ತಂದರು.

1862ರಲ್ಲಿ ಸರ್ಕಾರಿ ನಿಯೋಗದ ಅನುವಾದಕರಾಗಿ ಫ್ರಾನ್ಸ್, ಇಂಗ್ಲೆಂಡ್, ನೆದರ್ಲೆಂಡ್ಸ್, ರಷ್ಯಾ ಸುತ್ತಿದರು. ಈ ಸಲ ಯಂತ್ರಗಳ ಹಿಂದೆ ಬೀಳಲಿಲ್ಲ, ಅವು ಪುಸ್ತಕದಲ್ಲಿ ಸಿಗುತ್ತವೆ. ಆಸ್ಪತ್ರೆಯ ಖರ್ಚು ಯಾರು ಕೊಡುತ್ತಾರೆ? ಬ್ಯಾಂಕಿನಲ್ಲಿ ಹಣ ಹೇಗೆ ಓಡಾಡುತ್ತೆ? ಸಂಸತ್ತಿನಲ್ಲಿ ಜಗಳವಾಡಿದ ವಿರೋಧಿಗಳು ಆಮೇಲೆ ಒಂದೇ ಮೇಜಿನಲ್ಲಿ ಊಟ ಮಾಡೋದು ಹೇಗೆ? ಅಲ್ಲಿನವರಿಗೆ ಇವೆಲ್ಲ ಎಷ್ಟು ಸಾಮಾನ್ಯ ಸಂಗತಿ ಅಂದ್ರೆ, ಯಾವ ನಿಘಂಟೂ ವಿವರಿಸುತ್ತಿರಲಿಲ್ಲ. ಕೇಳಿದ್ದನ್ನೆಲ್ಲ ಪ್ಯಾರಿಸ್‌ನಲ್ಲಿ ಕೊಂಡ ನೋಟ್‌ಬುಕ್ಕಿನಲ್ಲಿ ಜಪಾನಿ, ಡಚ್, ಇಂಗ್ಲಿಷ್ ಬೆರೆಸಿ ಗೀಚಿಕೊಂಡರು. ವ್ಯರ್ಥ ಅಂದುಕೊಂಡಿದ್ದ ಡಚ್ ನೆದರ್ಲೆಂಡ್ಸ್‌ನಲ್ಲಿ ಮಾತಾಡಲು ಬಂತು.

ಊರಿಗೆ ಮರಳಿದಾಗ ವಿದೇಶಿ ವಿದ್ಯೆ ಕಲಿತವರನ್ನು ಕೊಲ್ಲಲು ಕತ್ತಿ ಹಿಡಿದ ಸಮುರಾಯ್‌ಗಳು ಓಡಾಡುತ್ತಿದ್ದರು. ಫುಕುಜಾವಾ ವರ್ಷಗಟ್ಟಲೆ ರಾತ್ರಿ ಹೊತ್ತು ಹೊರಗೆ ಕಾಲಿಡಲು ಹೆದರುತ್ತಿದ್ದರು. ಆದರೆ ಬರೆಯುವುದನ್ನು ಬಿಡಲಿಲ್ಲ. ಪ್ರವಾಸದಲ್ಲಿ ಕೇಳಿ ತಿಳಿದದ್ದೆಲ್ಲ 1866ರಿಂದ ‘ಸೆಯಿಯೊ ಜಿಜೊ’ ಪುಸ್ತಕವಾಗಿ, ಸಾಮಾನ್ಯ ಜನರೂ ಓದುವಂಥ ಸರಳ ಜಪಾನಿಯಲ್ಲಿ ಬಂತು. 1901ರಲ್ಲಿ ತೀರಿಕೊಂಡರು.

ಮುಂದೆ ಎಂಎಸ್‌ಗೆ, ಇಂಟರ್ನ್‌ಶಿಪ್‌ಗೆ ಅಂತ ಜರ್ಮನಿಗೋ ಜಪಾನಿಗೋ ಹೊರಡುವವರು ನಮ್ಮಲ್ಲೂ ಇದ್ದಾರೆ. ಪದಗಳನ್ನು ಇಲ್ಲಿಂದಲೇ ಕಲಿತು ಹೋಗಬಹುದು. ಅಲ್ಲಿನವರಿಗೆ ತೀರಾ ಮಾಮೂಲಾದದ್ದನ್ನು ಮಾತ್ರ ಅಲ್ಲೇ ಕೇಳಿ ತಿಳಿಯಬೇಕು, ನಾಚಿಕೆ ಬಿಟ್ಟು.