ಬಿಯರ್ ಕಂಪನಿಯ 'ಸ್ಟೂಡೆಂಟ್'

ಹೈಡ್ರೋಮೀಟರ್ ಒಂದೇ ಸಲ ನೋಡಿ, ಹುಳಿಯೋದು ಮುಗೀತು ಅಂದುಕೊಂಡು, ನನ್ನ ರೂಮ್‌ಮೇಟ್ ಮನೆಯಲ್ಲೇ ಮಾಡಿದ ಬಿಯರನ್ನು ಬಾಟಲಿಗೆ ತುಂಬಿಬಿಟ್ಟ. ಎರಡು ಬಾಟಲಿ ಸಿಡಿದವು. ಒಂದೆರಡು ರೀಡಿಂಗನ್ನು ಎಷ್ಟು ನಂಬಬಹುದು?

ಈ ಪ್ರಶ್ನೆಯ ಬೆನ್ನು ಹತ್ತಿದವರು ವಿಲಿಯಂ ಗಾಸೆಟ್. 1876ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ ಹುಟ್ಟಿ, ಆಕ್ಸ್‌ಫರ್ಡಿನಲ್ಲಿ ಗಣಿತ, ರಸಾಯನಶಾಸ್ತ್ರ ಓದಿ, 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಕಂಪನಿ ಸೇರಿದರು. ಬಾರ್ಲಿ, ಮಾಲ್ಟ್ ಪರೀಕ್ಷೆಗೆ ಅವರಿಗೆ ಸಿಗುತ್ತಿದ್ದದ್ದು ಕೆಲವೇ ಸ್ಯಾಂಪಲ್. ಲಂಡನ್ನಿನಲ್ಲಿ ಕಾರ್ಲ್ ಪಿಯರ್ಸನ್ ಬಳಿ ಕಲಿತು, 1908ರಲ್ಲಿ ಉತ್ತರ ಪ್ರಕಟಿಸಿದರು. ಕಂಪನಿಯವರು ಸ್ವಂತ ಹೆಸರಲ್ಲಿ ಬರೆಯಲು ಬಿಡುತ್ತಿರಲಿಲ್ಲ. ಅದಕ್ಕೇ 'ಸ್ಟೂಡೆಂಟ್' ಅಂತ ಹೆಸರು ಹಾಕಿಕೊಂಡರು. ನಾವೆಲ್ಲ ಪ್ರಾಜೆಕ್ಟಿಗೆ ಮಾಡೋ ಟಿ-ಟೆಸ್ಟ್ ಹುಟ್ಟಿದ್ದು ಅಲ್ಲೇ. 1937ರಲ್ಲಿ ತೀರಿಕೊಳ್ಳುವವರೆಗೂ ಅವರು ಗಿನ್ನೆಸ್ ನೌಕರರೇ.

ರೂಮ್‌ಮೇಟ್ ಈಗ ಮೂರು ದಿನ ಒಂದೇ ರೀಡಿಂಗ್ ಬಂದಮೇಲಷ್ಟೇ ಬಾಟಲಿ ತೊಳೆಯೋಕೆ ಕೂರ್ತಾನೆ.